ಪಕ್ಕದ ಸೀಟಿನ ಬ್ರೇಕು

ಮಾರ್ಚ್ 14, ಶುಕ್ರವಾರ ಮಧ್ಯಾಹ್ನ
ಡ್ರೈವಿಂಗ್ ಸ್ಕೂಲಿನ ಆಫೀಸು

ಉಳಿದಿರುವ ಒಬ್ಬನೇ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಾನು ಕ್ಷೇಮ. ನೀನೂ ಗಟ್ಟಿಮುಟ್ಟಾಗಿದ್ದೀಯ ಅಂತ ನಿನ್ನ ಪತ್ರಗಳಿಂದಲೇ ತಿಳಿಯಿತು. ಮೈಯಲ್ಲಿ ಶಕ್ತಿ ಇಲ್ಲದವನು ಕಾಗದದ ಮೇಲೆ ಅಷ್ಟು ಜೋರಾಗಿ ಕಿರುಚಲಾರ. ಉತ್ತರ ತಡವಾಯಿತು, ಮನ್ನಿಸು. ಹದಿನೇಳು ದಿನಗಳಲ್ಲಿ ನಿನ್ನಿಂದ ಮೂರು ಪತ್ರ ಬಂದಿವೆ. ಮೂರೂ ನಿನ್ನ ನಲ್ಲಿ-ಸಿಂಕುಗಳ ಶೋರೂಮಿನ ಲೆಟರ್‌ಹೆಡ್ಡಿನಲ್ಲಿ, ಮೇಲೆ ನಲ್ಲಿಯ ಚಿತ್ರ, ಕೆಳಗೆ ಸೀಲು. ಮೊದಲನೆಯದರಲ್ಲಿ ನಾನು ‘ಅಕ್ಕ’, ಎರಡನೆಯದರಲ್ಲಿ ‘ಮಾನ್ಯರೇ’, ಮೂರನೆಯದರಲ್ಲಿ ‘ಸದರಿ ಮಹಿಳೆ’. ನಾಲ್ಕನೆಯದು ಬರುವಷ್ಟರಲ್ಲಿ ‘ಆರೋಪಿ’ ಆಗಿಬಿಡುತ್ತೇನೇನೋ ಅನ್ನಿಸಿ, ಊಟದ ಹೊತ್ತಿನಲ್ಲಿ ಆಫೀಸಿನ ಬಾಗಿಲು ಹಾಕಿಕೊಂಡು ಬರೆಯಲು ಕೂತಿದ್ದೇನೆ.

ಫೋನು ಯಾಕೆ ಎತ್ತುವುದಿಲ್ಲ ಅಂತ ಕೇಳಿದ್ದೀಯ. ಫೋನಿನಲ್ಲಿ ನೀನು ಮಾತಾಡುತ್ತೀಯ, ಅದಕ್ಕೆ. ಪತ್ರದಲ್ಲಾದರೆ ನಾನು ಮುಗಿಸುವ ತನಕ ನೀನು ಬಾಯಿ ಹಾಕುವಂತಿಲ್ಲ. ಐವತ್ತೆರಡನೆಯ ವಯಸ್ಸಿನಲ್ಲಿ ಸಿಕ್ಕಿದ ಅನುಕೂಲ, ಬಿಟ್ಟುಕೊಡಲಾರೆ.

ನಿನ್ನ ಮಗನ ಕಾರು ನನ್ನ ಹತ್ತಿರವೇ ಇದೆ. ನಾನು ಕದ್ದಿಲ್ಲ. ನಿನ್ನ ಪುಟಾಣಿಯೇ (ಆರಡಿ ಬೆಳೆದವನನ್ನು ಇನ್ನೂ ಹಾಗೆ ಕರೆಯುವುದು ನಮ್ಮ ಮನೆಯಲ್ಲಿ ಮಾತ್ರ) ತಾನಾಗಿ ತಂದು, ತಾನಾಗಿ ಕೀಲಿ ಕೊಟ್ಟ. “ಒಂದು ರೌಂಡ್ ಹೋಗಿ ನೋಡಿ ಅತ್ತೆ” ಅಂದ. ಹೋದೆ. ನನ್ನ ರೌಂಡು ಹಿಂದಿನ ಶೆಡ್ಡಿನ ಕೊನೆಯ ಗೋಡೆಯ ತನಕ. ಅದರ ಮುಂದೆ ಸ್ಕೂಲಿನ ಆರು ಕಾರುಗಳನ್ನು ಮೂತಿಗೆ ಬಾಲ ತಾಗುವ ಹಾಗೆ ನಿಲ್ಲಿಸಿದೆ. ಹಗಲು ಐದು ಕಾರು ಪಾಠಕ್ಕೆ ಹೋದರೂ ಒಂದು ಅಡ್ಡ ನಿಂತೇ ಇರುತ್ತದೆ. ಯಾವ ದಿನ ಯಾವುದು ಅಂತ ಗೋಡೆಗೆ ಪಟ್ಟಿ ಅಂಟಿಸಿದ್ದೇನೆ. ನಿನ್ನ ಕಾರಿಗೆ ಏನೂ ಆಗಿಲ್ಲ. ಗೀರು ಸೊನ್ನೆ. ಎರಡು ದಿನಕ್ಕೊಮ್ಮೆ ಒರೆಸುತ್ತಾರೆ. ನಮ್ಮ ಟ್ರೈನರ್‌ಗಳು ಅದಕ್ಕೆ ‘ಮದುಮಗ’ ಅಂತ ಹೆಸರಿಟ್ಟಿದ್ದಾರೆ: ಸಿಂಗಾರ ಮಾಡಿಕೊಂಡು ಕೂತಿರುತ್ತೆ, ಕೆಲಸ ಏನೂ ಮಾಡಲ್ಲ.

ಅವತ್ತು ಇಲ್ಲಿ ಏನಾಯಿತು ಅಂತ ಅವನು ನಿನಗೆ ಪೂರ್ತಿ ಹೇಳಿರಲಾರ. ನಾನು ಆಫೀಸಿನ ಮೆಟ್ಟಿಲ ಮೇಲೆ ಚಹಾ ಹಿಡಿದು ನಿಂತಿದ್ದೆ. ಅಂಗಳದಲ್ಲಿ ಹೊಸದಾಗಿ ಕಲಿಯುತ್ತಿದ್ದ ಒಬ್ಬ ಹೆಂಗಸು ಬಣ್ಣದ ಡಬ್ಬಿಗಳ ನಡುವೆ ಎಂಟರ ಆಕಾರದಲ್ಲಿ ಕಾರು ಸುತ್ತಿಸುತ್ತಿದ್ದಳು. ನಿನ್ನ ಮಗ ಗೇಟಿನೊಳಗೆ ಬಂದ ವೇಗಕ್ಕೆ ಆಕೆ ಸ್ಟಿಯರಿಂಗ್ ಬಿಟ್ಟು ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡಳು. ಅವನ ಕಾರು ನೇರವಾಗಿ ನನ್ನ ಕಡೆಗೇ ಬಂತು. ಒಳಗಿನಿಂದ ಏನೋ ಟೀಂ ಟೀಂ ಅಂತ ಬಡಿದುಕೊಂಡಿತು, ಮುಂದಿನ ಮೂತಿ ಕುಸಿದು, ನನ್ನ ಮಂಡಿಗೆ ಒಂದು ಗೇಣು ಇರುವಾಗ ನಿಂತಿತು. ಚಹಾ ಪೂರ್ತಿ ನನ್ನ ಬಟ್ಟೆಯ ಮೇಲೆ. ಅವನು ನಗುತ್ತಾ ಇಳಿದ.

“ಹೆದರಿದ್ರಾ ಅತ್ತೆ? ನಾನು ಬ್ರೇಕ್ ಮುಟ್ಟೇ ಇಲ್ಲ! ಅದೇ ನೋಡ್ಕೊಂಡು ಅದೇ ನಿಲ್ಲುತ್ತೆ.”

ಬ್ರೇಕ್ ಮುಟ್ಟೇ ಇಲ್ಲ. ಬಹುಮಾನ ಗೆದ್ದವನ ಹಾಗೆ ಹೇಳಿದ ಕಣೋ. ನಾನು ಕೀಲಿಗೆ ಕೈ ಚಾಚಿದ್ದು ಆಮೇಲೆ.

ಆ ಕಾರಿನ ಜೊತೆ ಒಂದು ಕೈಪಿಡಿ ಕೊಟ್ಟಿದ್ದಾರೆ, ನಾನೂರ ಹನ್ನೆರಡು ಪುಟ. ಪ್ಲಾಸ್ಟಿಕ್ ಹೊದಿಕೆಯನ್ನೂ ಯಾರೂ ಬಿಚ್ಚಿರಲಿಲ್ಲ. ನಾನು ಬಿಚ್ಚಿ ಓದಿದೆ. ತಾನಾಗಿ ನಿಲ್ಲುವ ಆ ಬ್ರೇಕಿಗೆ ಮಳೆಯಲ್ಲಿ ಕಾಣಿಸದಿರಬಹುದು, ಎದುರು ಬಿಸಿಲಿನಲ್ಲಿ ಕಾಣಿಸದಿರಬಹುದು, ಅದರ ಕ್ಯಾಮೆರಾ ಕಣ್ಣಿಗೆ ಕೆಸರು ಮೆತ್ತಿದರೆ ಕಾಣಿಸದಿರಬಹುದು, ವೇಗ ಮೀರಿದರೆ ಕಂಡರೂ ನಿಲ್ಲಿಸಲಾಗದಿರಬಹುದು, ಆದ್ದರಿಂದ ಜವಾಬ್ದಾರಿ ಚಾಲಕನದೇ ಅಂತ ಮಾಡಿದವರೇ ಒಂಬತ್ತು ಕಡೆ ಬರೆದಿದ್ದಾರೆ. ಎಣಿಸಿದೆ. ನೀನು ಓದಿದ್ದು ಬಣ್ಣದ ಪಟ್ಟಿಯನ್ನು. ಆರು ಸೆಕೆಂಡಿಗೆ ನೂರು ಮುಟ್ಟುತ್ತದೆ ಅಂತ ನಿನ್ನ ಎರಡನೇ ಪತ್ರದಲ್ಲಿ ಹೆಮ್ಮೆಯಿಂದ ಬರೆದಿದ್ದೀಯ. ನೂರಕ್ಕೆ ಹೋಗಲು ಯಾರಿಗಾದರೂ ಬರುತ್ತದೆ, ಪಾದಕ್ಕೆ ತೂಕ ಇದ್ದರೆ ಸಾಕು. ನಾನು ಮೂವತ್ತು ವರ್ಷದಿಂದ ಕಲಿಸುತ್ತಿರುವುದು ನಲವತ್ತರಿಂದ ಸೊನ್ನೆಗೆ ಬರುವುದನ್ನು.

ಈಗ ಅವನ ಕಲಿಕೆಯ ವಿಚಾರ. “ನಿನ್ನ ಸ್ಕೂಲಿನಲ್ಲೇ ಕಲಿತವನು, ನಿನ್ನದೇ ಸಹಿ ಇದೆ, ಈಗ ಬರುವುದಿಲ್ಲ ಅಂದರೆ ಯಾರನ್ನು ಬೈಯಬೇಕು?” ಅಂತ ಕೇಳಿದ್ದೀಯ. ಮೂರು ಪತ್ರಗಳಲ್ಲಿ ಬುದ್ಧಿ ಇರುವ ಪ್ರಶ್ನೆ ಇದೊಂದೇ.

ನಮ್ಮ ಕಾರುಗಳಲ್ಲಿ ಟ್ರೈನರ್ ಕೂರುವ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಪೆಡಲ್ ಇರುತ್ತದೆ. ಕಲಿಯುವವನು ತಪ್ಪಿದರೆ ಟ್ರೈನರ್ ಒತ್ತುತ್ತಾನೆ, ಕಾರು ನಿಲ್ಲುತ್ತದೆ. ನನ್ನ ಸ್ಕೂಲಿನಲ್ಲಿ ಇದಕ್ಕೊಂದು ನಿಯಮ ಇದೆ, ಬೇರೆ ಸ್ಕೂಲಿನವರು ನಗುತ್ತಾರೆ. ಒತ್ತಿದಾಗಲೆಲ್ಲ ಟ್ರೈನರ್ ಬಾಯಿ ಬಿಟ್ಟು ‘ನಾನು ಹಿಡಿದೆ’ ಅನ್ನಬೇಕು. ಪಾಠ ಮುಗಿದ ಮೇಲೆ ಪುಸ್ತಕದಲ್ಲಿ ಅಷ್ಟು ಗೀಟು ಎಳೆಯಬೇಕು. ಸತತ ಮೂರು ಪಾಠ ಗೀಟಿಲ್ಲದೆ ಮುಗಿಯುವ ತನಕ ನಾನು ಯಾರನ್ನೂ ಪರೀಕ್ಷೆಗೆ ಕಳಿಸುವುದಿಲ್ಲ. ಒಬ್ಬ ದಂತವೈದ್ಯರು ಎಪ್ಪತ್ತೊಂದು ಪಾಠ ತೆಗೆದುಕೊಂಡರು. ಅವರು ಈಗಲೂ ಎದುರಿಗೆ ಸಿಕ್ಕರೆ ಮುಖ ತಿರುಗಿಸುತ್ತಾರೆ, ಆದರೆ ತಿರುಗಿಸಲು ಮುಖ ಇದೆ.

ಕಾರು ಶೆಡ್ಡಿಗೆ ಹಾಕಿದ ಸಂಜೆ ನಿನ್ನ ಮಗನ ಪುಟ ತೆಗೆದು ನೋಡಿದೆ. ಇಪ್ಪತ್ನಾಲ್ಕು ಪಾಠ. ಗೀಟು ಒಂದೂ ಇಲ್ಲ. ಅಂಥವನು ಈ ಊರಲ್ಲಿ ಇನ್ನೂ ಹುಟ್ಟಿಲ್ಲ. ಕೆಳಗೆ ನನ್ನ ಸಹಿ, ಓದದೇ ಹಾಕಿದ್ದು. ಮನೆ ಹುಡುಗ ತಾನೇ ಅಂತ. ಅವನಿಗೆ ಕಲಿಸಿದ ಟ್ರೈನರನ್ನು ಕರೆದೆ. ಆ ಟ್ರೈನರ್‌ಗೆ ನಾವು ‘ಬೆಣ್ಣೆ’ ಅನ್ನುತ್ತೇವೆ, ಬ್ರೇಕು ಒತ್ತಿದರೆ ಗಾಜಿನ ಲೋಟದ ನೀರೂ ಅಲ್ಲಾಡುವುದಿಲ್ಲ.

“ಎಷ್ಟು ಸಲ ಒತ್ತಿದ್ದೆ?”

“ಎಣಿಸಿಲ್ಲ ಮೇಡಂ.”

“ಯಾಕೆ?”

“ಎಣಿಸೋ ಹಾಗಿರಲಿಲ್ಲ ಮೇಡಂ.” ಆಮೇಲೆ ನೆಲ ನೋಡುತ್ತಾ ಹೇಳಿದ: “ಅವರ ತಂದೆ ಮೊದಲ ದಿನಾನೇ ಬಂದು ಹೇಳಿದ್ರು. ಹುಡುಗನಿಗೆ ಹೆದರಿಕೆ ಜಾಸ್ತಿ, ಬ್ರೇಕ್ ಹಿಡಿದೆ ಗೀಕ್ ಹಿಡಿದೆ ಅಂತ ಅವಮಾನ ಮಾಡಬೇಡ, ಮೆತ್ತಗೆ ಕಲಿಸು ಅಂತ. ನಾನೂ... ನಿಮ್ಮ ಸೋದರಳಿಯ ಅಂತ...”

ಅಂದರೆ ನಿನ್ನ ಮಗ ಇಪ್ಪತ್ನಾಲ್ಕು ದಿನ ಕಾರನ್ನು ತಾನೇ ನಿಲ್ಲಿಸುತ್ತಿದ್ದೇನೆ ಅಂದುಕೊಂಡಿದ್ದ. ಸಿಗ್ನಲ್ಲಿನಲ್ಲಿ ಚೆನ್ನಾಗಿಯೇ ನಿಲ್ಲಿಸುತ್ತಾನೆ, ಅದು ದೂರದಿಂದ ಕಾಣುತ್ತದೆ. ಆದರೆ ಧುತ್ತೆಂದು ಏನಾದರೂ ಎದುರು ಬಂದಾಗ, ತಲೆಗಿಂತ ಮುಂಚೆ ಕಾಲು ಹೋಗಬೇಕಲ್ಲ, ಆ ಕಾಲು ಅವನಿಗೆ ಬೆಳೆದೇ ಇಲ್ಲ. ಬೆಳೆಯಬೇಕಾದ ಹೊತ್ತಿನಲ್ಲಿ ಬೆಣ್ಣೆಯ ಕಾಲು ಇತ್ತು. ನೀನು ಅಂಥವನಿಗೆ ಆರು ಸೆಕೆಂಡಿಗೆ ನೂರು ಮುಟ್ಟುವ ಯಂತ್ರ ತಂದುಕೊಟ್ಟೆ, ಅದರಲ್ಲೂ ಇನ್ನೊಬ್ಬ ಬೆಣ್ಣೆಯನ್ನು ಅಡಗಿಸಿಟ್ಟು.

ನಂಬುವುದಿಲ್ಲ ಅಂತ ಗೊತ್ತು. ಅದಕ್ಕೇ ಪರೀಕ್ಷೆ ಮಾಡಿಯೇ ಬರೆಯುತ್ತಿದ್ದೇನೆ. ನಾಲ್ಕನೇ ದಿನ ಅವನು ಕೀಲಿ ಕೇಳಲು ಬಂದ. “ಕೊಡ್ತೀನಿ, ನಮ್ಮ ಹಳೇ ಕಾರಲ್ಲಿ ಅಂಗಳದಲ್ಲಿ ಒಂದೇ ಒಂದು ಸಲ ನಿಲ್ಲಿಸಿ ತೋರಿಸು” ಅಂದೆ. “ಅಷ್ಟೇನಾ?” ಅಂತ ನಕ್ಕ. ಪಕ್ಕದ ಸೀಟಿನ ಪೆಡಲಿನ ಕೊಂಡಿಯನ್ನು ಬೆಳಿಗ್ಗೆಯೇ ಬಿಚ್ಚಿಸಿದ್ದೆ, ಅವನಿಗೆ ಹೇಳಲಿಲ್ಲ. ನಾನೇ ಪಕ್ಕದಲ್ಲಿ ಕೂತೆ. ನಲವತ್ತರಲ್ಲಿ ಹೋಗು ಅಂದೆ. ಶೆಡ್ಡಿನ ಮೂಲೆ ದಾಟುವಾಗ ಬೆಣ್ಣೆ ಮರೆಯಿಂದ ಒಂದು ತಳ್ಳುಗಾಡಿ ದಬ್ಬಿದ. ಅದರ ತುಂಬ ಖಾಲಿ ರಟ್ಟಿನ ಪೆಟ್ಟಿಗೆಗಳು, ನಿನ್ನದೇ ಶೋರೂಮಿನವು, ‘ಒಡೆಯುವ ಸಾಮಾನು, ಜೋಪಾನ’ ಅಂತ ಕೆಂಪಕ್ಷರದಲ್ಲಿ ಬರೆದಿರುವಂಥವು.

ನಿನ್ನ ಮಗ ಸ್ಟಿಯರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡ. ಕಾಯ್ದ. ಪೆಟ್ಟಿಗೆಗಳು ಬಾನೆಟ್ಟಿನ ಮೇಲೆ ಹಾರಿದವು, ತಳ್ಳುಗಾಡಿ ಎಲ್ಲಿಗೋ ಹೋಯಿತು. “ಅತ್ತೆ, ಕಾರು ನಿಲ್ತಾನೇ ಇಲ್ಲ!” ಅಂತ ಕಿರುಚಿದ. ಹ್ಯಾಂಡ್‌ಬ್ರೇಕ್ ಎಳೆದದ್ದು ನಾನು. ಕೆಳಗೆ ನೋಡಿದರೆ ಅವನ ಪಾದ ಎರಡು ಪೆಡಲುಗಳ ನಡುವೆ, ಗಾಳಿಯಲ್ಲಿ ನಿಂತಿತ್ತು.

ನಮ್ಮ ಮೆಕ್ಯಾನಿಕ್ ಬಂದು, ಅದೇ ಕಾರಿನಲ್ಲಿ ಅದೇ ನಲವತ್ತರಲ್ಲಿ ಹೋಗಿ, ಮತ್ತೊಮ್ಮೆ ದಬ್ಬಿದ ಗಾಡಿಗೆ ಮೊಳ ದೂರದಲ್ಲಿ ನಿಲ್ಲಿಸಿ ತೋರಿಸಿದರು. ಇಳಿದು ಇಷ್ಟೇ ಅಂದರು: “ಕಾಲಿಟ್ರೆ ನಿಲ್ಲುತ್ತೆ ಮರಿ.”

ಅವನು ಕೀಲಿ ಕೇಳದೇ ಮನೆಗೆ ಹೋದ. ಮಾರನೆಯ ದಿನ ಬೆಳಿಗ್ಗೆ ಆರೂವರೆಗೆ ಗೇಟಿನಲ್ಲಿ ನಿಂತಿದ್ದ. ಅವತ್ತಿನಿಂದ ದಿನಾ ಬರುತ್ತಿದ್ದಾನೆ. ನಿನಗೆ ಜಿಮ್ ಅಂತ ಹೇಳಿದ್ದಾನಂತೆ. ತೋಳು ದಪ್ಪ ಆಗಲಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡ. ಮೆಕ್ಯಾನಿಕ್ ಪಕ್ಕದಲ್ಲಿ ಕೂತು ಕಲಿಸುತ್ತಾರೆ, ಒತ್ತಿದಾಗಲೆಲ್ಲ ಇಡೀ ಅಂಗಳಕ್ಕೆ ಕೇಳುವ ಹಾಗೆ ‘ನಾನು ಹಿಡಿದೆ’ ಅನ್ನುತ್ತಾರೆ. ಗೀಟುಗಳು ಹೀಗಿವೆ: ಮೊದಲ ನಾಲ್ಕು ದಿನ ಇಪ್ಪತ್ತೆರಡು, ಹತ್ತೊಂಬತ್ತು, ಹತ್ತೊಂಬತ್ತು, ಹದಿಮೂರು. ನಿನ್ನೆ ಆರು. ಸತತ ಮೂರು ದಿನ ಸೊನ್ನೆ ಬಂದಾಗ ಕೀಲಿ ಅವನ ಕೈಗೆ. ನಿನ್ನ ಕೈಗೆ ಅಲ್ಲ.

ನಿನ್ನ ವಾದ ನನಗೆ ಬಾಯಿಪಾಠ. “ಅಣ್ಣನನ್ನು ಕೊಂದದ್ದು ಹಳೇ ಕಾರಿನ ಕೆಟ್ಟ ಬ್ರೇಕು. ಅದಕ್ಕೇ ಮಗನಿಗೆ ಹೊಸ ಕಾರು, ಎಂಟು ಏರ್‌ಬ್ಯಾಗು, ತಾನೇ ನಿಲ್ಲುವ ಬ್ರೇಕು. ಪ್ರಪಂಚದಲ್ಲಿ ಸಿಗುವ ಅತಿ ಸುರಕ್ಷಿತ ಕಾರು ಹುಡುಕಿ ತಂದಿದ್ದೇನೆ.” ನೀನು ಪ್ರೀತಿಯಿಂದಲೇ ತಂದೆ, ನಾನು ಇಲ್ಲ ಅನ್ನುವುದಿಲ್ಲ. ಪ್ರೀತಿಯ ಮಾತು ಆಮೇಲೆ. ಈಗ ಎರಡು ಗಂಟೆಯ ಪಾಠದವರು ಹೊರಗೆ ಹಾರ್ನ್ ಒತ್ತುತ್ತಿದ್ದಾರೆ.


ಮಾರ್ಚ್ 16, ಭಾನುವಾರ

ಪತ್ರ ಅಂಚೆಗೆ ಹಾಕುವ ಮುಂಚೆಯೇ ನೀನು ಬಂದೆ. ನಿನ್ನೆ ನೀನು ಮಾಡಿದ್ದನ್ನು ನಿನಗೇ ಬರೆದು ತಿಳಿಸುವುದು ವಿಚಿತ್ರವೇ. ಆದರೆ ನಿನಗೆ ನಿನ್ನ ವಿಚಾರಗಳು ಬೇರೆ ಥರ ನೆನಪಿರುತ್ತವೆ, ಚಿಕ್ಕಂದಿನಿಂದಲೂ. ಆದ್ದರಿಂದ ಇದೂ ಬರಹದಲ್ಲಿ ಇರಲಿ.

ಬೆಳಿಗ್ಗೆ ಒಂಬತ್ತಕ್ಕೆ ಕ್ರೇನಿನ ಗಾಡಿ ಸಮೇತ ಬಂದೆ. ಕ್ರೇನಿನವನು ಶೆಡ್ಡಿನೊಳಗೆ ಇಣುಕಿ ನೋಡಿ ತಲೆ ಕೆರೆದುಕೊಂಡ.

“ಅಕ್ಕಾ, ಮುಂದಿನ ಐದು ಗಾಡಿ ತೆಗೆಸ್ಬೇಕಲ್ಲ?”

“ಕೀಲಿ ಟ್ರೈನರ್‌ಗಳ ಹತ್ರ ಇದೆಯಪ್ಪ. ಅವರಿಗೆ ಇವತ್ತು ರಜೆ.”

“ಎಲ್ಲರಿಗೂನಾ?”

“ಎಲ್ಲರಿಗೂ ಒಟ್ಟಿಗೆ ಹೊಟ್ಟೆನೋವು.”

ಅವನು ನಕ್ಕುಬಿಟ್ಟ. ನೀನು ಅವನ ಮೇಲೂ ಹರಿಹಾಯ್ದೆ. ಆಮೇಲೆ ನನ್ನ ಕಡೆ ತಿರುಗಿದೆ. ನೀನು ಅಂದದ್ದನ್ನು ಹಾಗೇ ಬರೆಯುತ್ತಿದ್ದೇನೆ, ಒಂದಕ್ಷರ ಕೂಡಿಸಿಲ್ಲ.

“ಹೆತ್ತಿದ್ರೆ ಗೊತ್ತಾಗ್ತಿತ್ತು ನಿನಗೆ. ಸ್ವಂತಕ್ಕೆ ಒಂದು ಮಗು ಇಲ್ಲ, ಊರೋರ ಮಕ್ಕಳಿಗೆಲ್ಲ ಬುದ್ಧಿ ಹೇಳ್ಕೊಂಡು ತಿರುಗ್ತೀಯ. ನನ್ನ ಮಗ ಸುಖವಾಗಿರೋದು ನೋಡೋಕಾಗಲ್ಲ ನಿನ್ನ ಹೊಟ್ಟೆಗೆ.”

ಕ್ರೇನಿನವನು ತನ್ನ ಚಪ್ಪಲಿ ನೋಡಿಕೊಂಡ. ಮಾತು ಸೋತಾಗ ನೀನು ಯಾವಾಗಲೂ ಕೈಗೆ ಸಿಕ್ಕಿದ್ದನ್ನು ಎಸೆಯುವವನು. ನಿನ್ನೆ ಇದು ಸಿಕ್ಕಿತು, ಎಸೆದೆ. ತಗಲಿತು. ಸಂತೋಷವೇ?

ಅಷ್ಟರಲ್ಲಿ ನಮ್ಮ ಹಳೇ ಕಾರು ಗೇಟಿನೊಳಗೆ ಬಂತು, ನಿನ್ನ ಮಗ ಸ್ಟಿಯರಿಂಗಿನಲ್ಲಿ, ಮೆಕ್ಯಾನಿಕ್ ಪಕ್ಕದಲ್ಲಿ. ನಿನ್ನನ್ನು ಕಂಡು ಹುಡುಗ ಬೆಚ್ಚಿದ, ಆದರೆ ಬ್ರೇಕು ಒತ್ತಿದ. ಗಮನಿಸಿದೆಯಾ? ನೀನು ಗಮನಿಸಲಿಲ್ಲ. ನೀನು ಪಕ್ಕದ ಸೀಟಿನಿಂದ ಇಳಿದವರನ್ನು ನೋಡುತ್ತಿದ್ದೆ. ಕೂದಲು ಬೆಳ್ಳಗಾಗಿದೆ, ಬೆನ್ನು ಬಾಗಿದೆ, ಆದರೂ ಗುರುತು ಹಿಡಿದೆ.

“ಇವನಾ? ಇವನನ್ನ ಇಟ್ಕೊಂಡಿದ್ದೀಯಾ ಇಲ್ಲಿ? ಅಣ್ಣನ್ನ ಕೊಂದವನನ್ನ?”

ಹೌದು, ಅವರೇ. ಅಪ್ಪನ ಸೆಕೆಂಡ್‌ಹ್ಯಾಂಡ್ ಕಾರಿಗೆ ಬ್ರೇಕು ರಿಪೇರಿ ಮಾಡಿಕೊಟ್ಟಿದ್ದವರು. ಆಮೇಲೆ ಎಂಟು ದಿನಕ್ಕೆ ನಮ್ಮ ನಡುವಿನವನು, ನಿನ್ನ ಅಣ್ಣ, ಹತ್ತೊಂಬತ್ತು ವರ್ಷದವನು, ಅದೇ ಕಾರಿನಲ್ಲಿ ತಿರುವಿನಲ್ಲಿ ನಿಂತಿದ್ದ ಲಾರಿಗೆ ಹಿಂದಿನಿಂದ ಗುದ್ದಿದ. ಆಸ್ಪತ್ರೆಯಲ್ಲಿ ಅವನು ಹೇಳಿದ್ದು ಒಂದೇ ಮಾತು, “ಕಾರು ನಿಲ್ಲಲೇ ಇಲ್ಲ.” ಆ ವಾರವೇ ಅಪ್ಪ ವರ್ಕ್‌ಶಾಪಿಗೆ ಹೋಗಿ ಬೀದಿಯಲ್ಲಿ ನಾಲ್ಕು ಜನರ ಎದುರು ಇವರ ಕೆನ್ನೆಗೆ ಹೊಡೆದರು. ಹದಿನಾಲ್ಕು ವರ್ಷದ ನೀನು ಅವರ ಶಟರಿಗೆ ಕಲ್ಲು ಎಸೆದೆ, ದಿನಾ ಸ್ಕೂಲಿನಿಂದ ಬರುವಾಗ. ಎರಡು ತಿಂಗಳಿಗೆ ಶಟರು ಮುಚ್ಚಿತು, ಮತ್ತೆ ತೆರೆಯಲಿಲ್ಲ. ಹನ್ನೊಂದು ವರ್ಷದಿಂದ ಅವರು ನನ್ನ ಶೆಡ್ಡಿನಲ್ಲಿದ್ದಾರೆ. ನೀನು ಬಂದರೆ ಮುಂದಿನ ಆಫೀಸಿನಲ್ಲಿ ಕೂತು, ವಾಚು ನೋಡಿಕೊಂಡು ಹೋಗುವವನು, ಹಿಂದೆ ಯಾರಿದ್ದಾರೆ ಅಂತ ನಿನಗೆ ಹೇಗೆ ಗೊತ್ತಾಗಬೇಕು.

ನಿನ್ನೆ ನೀನು ಅವರ ಎದೆಗೆ ಕೈಯಿಟ್ಟು ನೂಕಿದೆ. ಕನ್ನಡಕ ಬಿತ್ತು. ನಿನ್ನ ಮಗ ನಡುವೆ ಬಂದು “ಅಪ್ಪಾ, ಬಿಡಿ, ಅವರು ನನಗೆ ಕಲಿಸ್ತಿದ್ದಾರೆ” ಅಂದ. ನೀನು ಅವನ ತೋಳು ಹಿಡಿದು ದರದರ ಎಳೆದುಕೊಂಡು ಹೋದೆ. ಮೆಕ್ಯಾನಿಕ್ ಕೂತು ಗಾಜಿನ ಚೂರುಗಳನ್ನು ಆಯ್ದರು, ಕಲಿಯುವವರ ಟೈರಿಗೆ ಚುಚ್ಚಬಾರದು ಅಂತ. ಎದ್ದು ನನ್ನ ಮುಖ ನೋಡಿದರು. ಏನೂ ಕೇಳಲಿಲ್ಲ. ಇಪ್ಪತ್ತಾರು ವರ್ಷದಿಂದ ಕೇಳಿಲ್ಲ.

ಇವತ್ತು ನಿನ್ನ ಮಗ ಬರಲಿಲ್ಲ. ಬಾಗಿಲಿಗೆ ಬೀಗ ಹಾಕಿದ್ದೀಯೋ, ಬಾಯಿಗೋ, ಗೊತ್ತಿಲ್ಲ. ನಿನ್ನ ಹೆಂಡತಿ ಫೋನು ಮಾಡಿ ಪಿಸುಗುಟ್ಟಿದಳು: “ಅಕ್ಕಾ, ನಾಳೆ ಇನ್ನೊಂದು ಕಾರು ಬುಕ್ ಮಾಡ್ತಾರಂತೆ, ಹಠಕ್ಕೆ. ಇದಕ್ಕಿಂತ ಜೋರಿನದಂತೆ. ಏನಾದ್ರೂ ಮಾಡಿ.” ಮಾಡಲು ನನ್ನ ಹತ್ತಿರ ಇನ್ನೊಂದು ಶೆಡ್ಡಿಲ್ಲ, ಅಡ್ಡ ನಿಲ್ಲಿಸಲು ಇನ್ನಾರು ಕಾರುಗಳಿಲ್ಲ. ಈ ಪತ್ರ ಒಂದೇ ಇದೆ. ಬೆಣ್ಣೆಯ ಕೈಯಲ್ಲಿ ಕಳಿಸುತ್ತಿದ್ದೇನೆ, ನಾಳೆ ನೀನು ಕಾರಿನ ಶೋರೂಮಿಗೆ ಹೋಗುವ ಮುಂಚೆ ಸಿಗಲಿ. ಅವನನ್ನು ನೂಕಬೇಡ, ಮೆತ್ತಗಿದ್ದಾನೆ.

ನೀನು ಅಂದದ್ದನ್ನು ನಾನು ಮರೆಯುವುದಿಲ್ಲ. ಮರೆಯುತ್ತೇನೆ ಅಂತ ಸುಳ್ಳು ಬರೆಯಲು ಈ ಪತ್ರದಲ್ಲಿ ಜಾಗ ಇಲ್ಲ. ಆದರೂ ನಿನಗೆ, ನಿನ್ನ ಹೆಂಡತಿಗೆ, ನಿನ್ನ ನಲ್ಲಿಗಳಿಗೆ ಒಳ್ಳೆಯದಾಗಲಿ. ಪುಟಾಣಿಗೆ ನೂರು ವರ್ಷ ಆಯಸ್ಸಿರಲಿ. ನೂರರ ಸ್ಪೀಡು ಬೇಡ.

ಇಂತು,
ನಿನ್ನ ಅಕ್ಕ
(ಸದರಿ ಮಹಿಳೆ)


ವಿ.ಸೂ. ಇದನ್ನು ಮೇಲೆಯೇ ಬರೆಯಬೇಕಿತ್ತು. ಮೂರು ಸಲ ಶುರು ಮಾಡಿ ಮೂರು ಹಾಳೆ ಹರಿದೆ.

ಅಪ್ಪನ ಕಾರಿನ ಬ್ರೇಕು ಸರಿಯಾಗಿತ್ತು.

ನಿನ್ನ ಅಣ್ಣನಿಗೆ ಕಾರು ಕಲಿಸಿದವಳು ನಾನು. ಅಷ್ಟು ನಿನಗೆ ಗೊತ್ತು. ಆಗ ನಾನು ಇದೇ ಸ್ಕೂಲಿನಲ್ಲಿ ಸಂಬಳಕ್ಕಿದ್ದ ಟ್ರೈನರ್. ಬೇರೆಯವರಿಗೆ ಗದರುತ್ತಿದ್ದೆ. ಇವನಿಗೆ ಗದರಿದರೆ ಮುಖ ಇಷ್ಟು ಮಾಡಿಕೊಳ್ಳುತ್ತಿದ್ದ, ನೋಡಲಾಗುತ್ತಿರಲಿಲ್ಲ. ಅದಕ್ಕೆ ಬಾಯಿ ಮುಚ್ಚಿಕೊಂಡು ಕಾಲು ಉಪಯೋಗಿಸಿದೆ. ಅವನಿಗೆ ಗೊತ್ತೇ ಆಗದ ಹಾಗೆ, ಹತ್ತಿಯ ಮೇಲೆ ಕಾಲಿಟ್ಟ ಹಾಗೆ. ಬೆಣ್ಣೆ ಅನ್ನುವ ಹೆಸರು ಮೊದಲು ನನಗೆ ಬರಬೇಕಿತ್ತು. “ಅಕ್ಕ, ಹೇಗೆ ನಿಲ್ಲಿಸಿದೆ ನೋಡು!” ಅನ್ನುತ್ತಿದ್ದ. “ಹೂಂ ಕಣೋ, ಭಾರಿ ಕಾಲು ನಿನ್ನದು” ಅನ್ನುತ್ತಿದ್ದೆ. ಹದಿನಾಲ್ಕು ದಿನ. ಹದಿನೈದನೆಯ ದಿನ ಪರೀಕ್ಷೆಗೆ ಕಳಿಸಿದೆ. ಮುಂದೆ ಯಾರೂ ಅಡ್ಡ ಬರದ ರಸ್ತೆಯಲ್ಲಿ ಪಾಸಾದ.

ಅವನು ಹೋದ ಮೂರನೇ ದಿನ ಮೆಕ್ಯಾನಿಕ್ ನಮ್ಮ ಮನೆಗೆ ಬಂದಿದ್ದರು, ನೀವೆಲ್ಲ ಒಳಗಿದ್ದಿರಿ. ಬಾಗಿಲಲ್ಲೇ ನಿಂತು ನನಗೆ ಹೇಳಿದರು. “ಆ ಜಾಗಕ್ಕೆ ಹೋಗಿ ನೋಡಿದೆ ಅಮ್ಮ. ರಸ್ತೆ ಮೇಲೆ ಟೈರಿನ ಗುರುತೇ ಇಲ್ಲ. ಕಾರನ್ನೂ ಬಿಚ್ಚಿ ನೋಡಿದೆ, ಪೈಪು ಸರಿ ಇದೆ, ಎಣ್ಣೆ ಸರಿ ಇದೆ. ಬ್ರೇಕ್ ಮುಟ್ಟೇ ಇಲ್ಲ ಹುಡುಗ. ನೀವೇ ಅಲ್ವಾ ಕಲಿಸಿದ್ದು? ಯಾಕೆ ಹೀಗಾಯ್ತು?” ನಿಜಕ್ಕೂ ತಿಳಿಯದೇ ಕೇಳಿದ್ದು, ಚುಚ್ಚಲು ಅಲ್ಲ. ನಾನು ಬಾಗಿಲು ಹಾಕಿಕೊಂಡೆ. ಅದೇ ವಾರ ಅಪ್ಪ ಅವರಿಗೆ ಹೊಡೆದಾಗ ನಾನು ಬೀದಿಯ ಆಚೆ ಬದಿ ನಿಂತಿದ್ದೆ. ನನ್ನ ಒಂದು ಮಾತಿಗೆ ಅಪ್ಪನ ಕೈ ಇಳಿಯುತ್ತಿತ್ತು. ಅವರೂ ನನ್ನನ್ನು ನೋಡಿದರು. ನಾನು ಅವರನ್ನು ನೋಡಲಿಲ್ಲ.

ಕೆಟ್ಟ ಬ್ರೇಕು ಅನ್ನುವ ಕಥೆ ನಾನು ಕಟ್ಟಿದ್ದಲ್ಲ, ಆದರೆ ಇಪ್ಪತ್ತಾರು ವರ್ಷ ಸಾಕಿದವಳು ನಾನು. ಆ ಕಥೆ ನಂಬಿಯೇ ನೀನು ಮಗನಿಗೆ ಬ್ರೇಕು ಕೆಡದ ಕಾರು ಹುಡುಕಿದೆ. ಆ ಅರ್ಥದಲ್ಲಿ ಮದುಮಗನನ್ನು ನಿನ್ನ ಮನೆಗೆ ತಂದದ್ದೂ ನಾನೇ.

ನನ್ನ ಟ್ರೈನರ್‌ಗಳಿಂದ ದಿನಕ್ಕೆ ನೂರು ಸಲ ಹೇಳಿಸುವ ಮಾತನ್ನು ನಾನು ಒಮ್ಮೆಯೂ ಹೇಳಿರಲಿಲ್ಲ. ನಾನು ಹಿಡಿದೆ ಕಣೋ. ಪ್ರತಿ ಸಲವೂ ನಾನು ಹಿಡಿದೆ.

ಇವತ್ತು ಸಂಜೆ ಶೆಡ್ಡಿಗೆ ಹೋಗಿ ಇದನ್ನೇ ಮೆಕ್ಯಾನಿಕ್‌ಗೆ ಬಾಯಿಬಿಟ್ಟು ಹೇಳಿದೆ. ಅವರು ಕೈ ಒರೆಸಿಕೊಳ್ಳುತ್ತಾ ಕೇಳಿಸಿಕೊಂಡರು. “ಗೊತ್ತಿತ್ತು ಅಮ್ಮ” ಅಂದರು. ಎಂದಿನಿಂದ ಅಂತ ಕೇಳುವ ಧೈರ್ಯ ನನಗಾಗಲಿಲ್ಲ.

ಆರು ಕಾರುಗಳನ್ನು ಪಕ್ಕಕ್ಕೆ ತೆಗೆಸಿದ್ದೇನೆ. ನಿನ್ನ ಕಾರಿಗೆ ದಾರಿ ಬಿಟ್ಟಿದೆ. ಕೀಲಿಯನ್ನು ಅವರ ಕೈಗೆ ಕೊಟ್ಟಿದ್ದೇನೆ. ನಿನ್ನ ಮಗ ಯಾವತ್ತು ತಯಾರು ಅಂತ ಇನ್ನು ಮೇಲೆ ಅವರೇ ಹೇಳಬೇಕು. ನಿನಗೆ ಬೇಕಿದ್ದರೆ ನೀನೇ ಬಂದು ಅವರ ಹತ್ತಿರ ಕೇಳು. ಹೇಗೆ ಕೇಳುತ್ತೀಯ ಅನ್ನುವುದು ನಿನಗೆ ಬಿಟ್ಟದ್ದು.

ಆರೂವರೆಗೆ ಗೇಟು ತೆಗೆಯುತ್ತಾರೆ. ಅವರಿಗೀಗ ಕನ್ನಡಕ ಇಲ್ಲ, ಆದ್ದರಿಂದ ಹತ್ತಿರ ಹೋಗಿ ಯಾರು ಅಂತ ಹೇಳು.